ಕಚೇರಿಯ ಇ-ಮೇಲಿಗೊಂದು ಪತ್ರಾಗಾರ

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಮಧ್ಯಮಗಾತ್ರದ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರಗಳ ಹೊಣೆಯನ್ನು ನಾನು ಕೆಲವು ವರ್ಷ ಹೊತ್ತಿದ್ದೆನು. ಅಲ್ಲಿನ ಖರೀದಿ ವಿಭಾಗವನ್ನು ಬಹುಕಾಲ ನೋಡಿಕೊಂಡಿದ್ದ ಹಿರಿಯರೊಬ್ಬರು ನಿವೃತ್ತರಾದಾಗ, ಅವರಿಗೆ ಶಾಲು ಹೊದಿಸಿ ಬೀಳ್ಕೊಟ್ಟ ಮರುವಾರವೇ, ಬಳಸುವವರಿಲ್ಲದ ಅಂಚೆಪೆಟ್ಟಿಗೆಗೆ ತಿಂಗಳು ತಿಂಗಳೂ ಲೈಸೆನ್ಸ್ ಶುಲ್ಕ ತೆರುವುದು ವ್ಯರ್ಥವೆಂದು ಬಗೆದು, ಅವರ ಇ-ಮೇಲ್ ಖಾತೆಯನ್ನು ರದ್ದುಮಾಡುವ ಕಾಗದಕ್ಕೆ ನಾನೇ ಸಹಿ ಹಾಕಿದೆನು. ಐದು ತಿಂಗಳು ಕಳೆದವು. ಎರಕದ ಭಾಗಗಳನ್ನು ಪೂರೈಸುತ್ತಿದ್ದವರು, ಕಿಲೋಗ್ರಾಂ ಒಂದಕ್ಕೆ ಇಂತಿಷ್ಟು ದರ ಏರಿಸಬೇಕೆಂದು ತಾವು ಕೇಳಿದ್ದಾಗಿಯೂ ಅದಕ್ಕೆ ನಮ್ಮವರು ಒಪ್ಪಿದ್ದಾಗಿಯೂ ಹೇಳಿ, ಹಿಂದಿನ ವ್ಯತ್ಯಾಸವನ್ನೆಲ್ಲ ಕೂಡಿಸಿ ಒಂದು ಬಿಲ್ಲನ್ನು ಕಳುಹಿಸಿದರು. ನಿವೃತ್ತರಾದ ಹಿರಿಯರಿಗೆ ಫೋನ್ ಮಾಡಿ ಕೇಳಿದೆ. ‘ಒಪ್ಪಿದ್ದು ಸಾಗಣೆ ಖರ್ಚಿಗೆ ಮಾತ್ರ, ದರಕ್ಕಲ್ಲ, ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದೇನಪ್ಪ, ತೆಗೆದು ನೋಡು’ ಎಂದರು. ತೆಗೆದು ನೋಡುವುದಕ್ಕೆ ಮೇಲ್ ಇರಲಿಲ್ಲ. ಬಿಲ್ಲಿನ ಅರ್ಧದಷ್ಟನ್ನು ತೆತ್ತು ರಾಜಿಯಾದೆವು. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಅಷ್ಟು ವರ್ಷ ನಿಷ್ಠೆಯಿಂದ ದುಡಿದವರ ಮಾತನ್ನು ನಿಜವೆಂದು ತೋರಿಸಿಕೊಡಲು ನಮ್ಮ ಕೈಯಲ್ಲಿ ಒಂದು ಸಾಲಿನ ಆಧಾರವೂ ಉಳಿಯದೆ ಹೋದದ್ದು ನನ್ನನ್ನು ಬಹಳ ದಿನ ಬಾಧಿಸಿತು.

ಇಪ್ಪತ್ತರಿಂದ ಇನ್ನೂರು ಜನ ದುಡಿಯುವ ಇಂಥ ಸಂಸ್ಥೆಗಳ ಯಜಮಾನರಿಗೂ, ವ್ಯವಸ್ಥಾಪಕರಿಗೂ, ಅವರ ಲೆಕ್ಕ ನೋಡುವವರಿಗೂ ಉಪಯೋಗವಾಗಲೆಂಬ ಉದ್ದೇಶದಿಂದ, ಇ-ಮೇಲ್‌ಗಳನ್ನು ಕಾಪಿಡುವ ಪತ್ರಾಗಾರವೊಂದನ್ನು, ಎಂದರೆ ಈ ಕ್ಷೇತ್ರದವರು ಆರ್ಕೈವ್ ಎಂದು ಕರೆಯುವ ವ್ಯವಸ್ಥೆಯನ್ನು, ಆರಿಸಿಕೊಳ್ಳುವ ಮತ್ತು ನೆಲೆಗೊಳಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಈ ಮಾತನ್ನು ಎತ್ತಿದೊಡನೆ ಬರುವ ಉತ್ತರ ಒಂದೇ: ‘ನಮ್ಮಲ್ಲಿ ಬ್ಯಾಕಪ್ ಇದೆಯಲ್ಲ!’ ಬ್ಯಾಕಪ್ ಬೇರೆ, ಪತ್ರಾಗಾರ ಬೇರೆ ಎಂಬ ಭೇದವನ್ನು ಮನಸ್ಸಿಗೆ ತಂದುಕೊಳ್ಳದೆ ಮುಂದಿನ ಯಾವ ನಿರ್ಣಯವೂ ಸರಿಯಾಗಲಾರದು. ಸರ್ವರ್ ಕೆಟ್ಟರೆ, ಬೆಂಕಿ ಬಿದ್ದರೆ, ದುಷ್ಟತಂತ್ರಾಂಶವೊಂದು ಕಡತಗಳನ್ನೆಲ್ಲ ಬೀಗಹಾಕಿ ಹಣ ಕೇಳಿದರೆ, ನಿನ್ನೆ ರಾತ್ರಿ ಇದ್ದ ಸ್ಥಿತಿಗೆ ಕಚೇರಿಯನ್ನು ಮರಳಿ ತರುವುದಕ್ಕಾಗಿ ಮಾಡಿಟ್ಟ ಪ್ರತಿಬಿಂಬವೇ ಬ್ಯಾಕಪ್. ಹೊಸದು ಬಂದಂತೆ ಹಳೆಯದು ಅಳಿಯುವುದು ಅದರ ಸ್ವಭಾವ. ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ನಾಲ್ಕಕ್ಕೆ ಯಾರೋ ಅಳಿಸಿಬಿಟ್ಟ ಪತ್ರ ಆ ರಾತ್ರಿಯ ಬ್ಯಾಕಪ್‌ನಲ್ಲಿ ಇರುವುದೇ ಇಲ್ಲ. ಇದ್ದರೂ, ಒಂದು ಪತ್ರಕ್ಕಾಗಿ ಇಡೀ ಸರ್ವರನ್ನು ಪುನಃಸ್ಥಾಪಿಸಿ ಹುಡುಕಬೇಕಾಗುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಯುಬಿಎಸ್ ವಾರ್‌ಬರ್ಗ್ ಸಂಸ್ಥೆಯ ಮೇಲೆ ಅದರ ಉದ್ಯೋಗಿಯಾಗಿದ್ದ ಲಾರಾ ಜುಬುಲೇಕ್ ಹೂಡಿದ ದಾವೆಯಲ್ಲಿ ಈ ಪ್ರಶ್ನೆಯೇ ದೊಡ್ಡದಾಗಿ ಎದ್ದು, ಹಳೆಯ ಬ್ಯಾಕಪ್ ಟೇಪುಗಳಿಂದ ಪತ್ರಗಳನ್ನು ಹೊರತೆಗೆಯುವ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಕುರಿತು ನ್ಯಾಯಾಧೀಶೆ ಶೀರಾ ಶೈಂಡ್‌ಲಿನ್ ಅವರು 2003 ಮತ್ತು 2004ರಲ್ಲಿ ಒಂದಾದ ಮೇಲೊಂದು ಆದೇಶಗಳನ್ನು ಬರೆದರು. ಕೆಲವು ಪತ್ರಗಳು ದಾವೆಯ ನಡುವೆಯೇ ಅಳಿಸಿಹೋಗಿದ್ದವೆಂಬುದೂ ಹೊರಬಂದು, 2005ರಲ್ಲಿ ಜ್ಯೂರಿಯು ಆಕೆಗೆ 2.9 ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ವಿಧಿಸಿತು. ಅಷ್ಟು ದೊಡ್ಡ ಬ್ಯಾಂಕಿನಲ್ಲಿ ಟೇಪುಗಳಿಗೆ ಕೊರತೆಯಿರಲಿಲ್ಲ. ಬೇಕಾದ ಪತ್ರವನ್ನು ಬೇಕಾದಾಗ ತೆಗೆದುಕೊಡುವ ವ್ಯವಸ್ಥೆ ಇರಲಿಲ್ಲ.

ನಮ್ಮ ದೇಶದಲ್ಲಿಯೂ ಇ-ಮೇಲ್ ಎಂಬುದು ಬರಿಯ ಸಂಭಾಷಣೆಯಾಗಿ ಉಳಿದಿಲ್ಲ. ಆಸ್ಟ್ರೇಲಿಯದಿಂದ ಬಾಕ್ಸೈಟ್ ಅದಿರಿನ ಐದು ಹಡಗುಗಳ ಪೂರೈಕೆಯನ್ನು ಕುರಿತ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ಸಂಸ್ಥೆಗಳ ವ್ಯಾಜ್ಯದಲ್ಲಿ, ವಿಧಿವತ್ತಾದ ಕರಾರುಪತ್ರಕ್ಕೆ ಸಹಿ ಬೀಳದಿದ್ದರೂ ಇ-ಮೇಲ್‌ಗಳ ವಿನಿಮಯದಿಂದಲೇ ಒಪ್ಪಂದ ಪೂರ್ಣಗೊಂಡಿತೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತೀರ್ಮಾನಿಸಿತು. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ 2013ರಲ್ಲಿ, ಸುದರ್ಶನ್ ಕಾರ್ಗೋ ಮತ್ತು ಟೆಕ್‌ವ್ಯಾಕ್ ಇಂಜಿನಿಯರಿಂಗ್ ಸಂಸ್ಥೆಗಳ ನಡುವಣ ಪ್ರಕರಣದಲ್ಲಿ, ಸಾಲವನ್ನು ಒಪ್ಪಿಕೊಂಡು ಬರೆದ ಇ-ಮೇಲ್ ಕಾಲಮಿತಿ ಕಾಯಿದೆಯ 18ನೆಯ ಪ್ರಕರಣದ ಅರ್ಥದಲ್ಲಿ ಸಮರ್ಪಕವಾದ ಲಿಖಿತ ಒಪ್ಪಿಗೆಯೇ ಎಂದು ಹೇಳಿತು. ವ್ಯಾಪಾರಿಗೆ ಇದಕ್ಕಿಂತ ಮುಖ್ಯವಾದ ಮಾತು ಮತ್ತಾವುದಿದ್ದೀತು? ಮೂರು ವರ್ಷ ಕಳೆದು ದಾವೆಯ ಹಕ್ಕೇ ಸತ್ತುಹೋಗುವ ಬಾಕಿಯೊಂದು, ‘ಸ್ವಾಮಿ, ದೀಪಾವಳಿ ಕಳೆಯಲಿ, ತಮ್ಮ ಹಣ ತೀರಿಸುತ್ತೇವೆ’ ಎಂದು ಎದುರು ಪಕ್ಷದವರು ಅವಧಿಯೊಳಗೆ ಬರೆದ ಎರಡು ಸಾಲಿನಿಂದ ಬದುಕಿಕೊಂಡೀತು. ಆದರೆ ಆ ಎರಡು ಸಾಲು ನಮ್ಮಲ್ಲಿ ಉಳಿದಿರಬೇಕು. ಉಳಿದಿರುವುದು ನಂಬಲರ್ಹವಾದ ರೂಪದಲ್ಲಿರಬೇಕು.

ನಂಬಲರ್ಹವಾದ ರೂಪವೆಂದರೆ ಯಾವುದೆಂಬುದನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 7ನೆಯ ಪ್ರಕರಣವು ಸುಲಭವಾದ ಮೂರು ಮಾತುಗಳಲ್ಲಿ ಹೇಳಿದೆ: ದಾಖಲೆಯು ಮುಂದೆ ನೋಡಲು ದೊರೆಯುವಂತಿರಬೇಕು, ಹುಟ್ಟಿದ, ಕಳುಹಿಸಿದ ಅಥವಾ ಸ್ವೀಕರಿಸಿದ ಮೂಲರೂಪದಲ್ಲಿಯೇ, ಇಲ್ಲವೇ ಅದನ್ನು ಯಥಾವತ್ತಾಗಿ ತೋರಿಸುವ ರೂಪದಲ್ಲಿ ಇರಬೇಕು, ಎಲ್ಲಿಂದ ಹೊರಟಿತು, ಎಲ್ಲಿಗೆ ಮುಟ್ಟಿತು, ಯಾವ ದಿನ, ಯಾವ ಹೊತ್ತು ಎಂಬ ವಿವರಗಳು ಅದರೊಂದಿಗೇ ಉಳಿದಿರಬೇಕು. ಪತ್ರಾಗಾರವನ್ನು ಆರಿಸಹೊರಟವರು ಈ ಮೂರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ, ಮಾರಾಟಗಾರರು ತೋರಿಸುವ ಬಣ್ಣಬಣ್ಣದ ಪರದೆಗಳ ನಡುವೆ ದಾರಿ ತಪ್ಪುವುದಿಲ್ಲ.

ಒಂದು ಮೇಲನ್ನು ಹತ್ತಿರದಿಂದ ನೋಡಿದರೆ ಈ ಮಾತಿನ ಸತ್ಯ ಸ್ಪಷ್ಟವಾಗುತ್ತದೆ. ಪರದೆಯ ಮೇಲೆ ನಮಗೆ ಕಾಣುವುದು ಕಳುಹಿಸಿದವರ ಹೆಸರು, ವಿಷಯ, ಒಕ್ಕಣೆ, ಇಷ್ಟೇ. ಅದರ ಮೂಲರೂಪವನ್ನು ತೆರೆದರೆ, ಒಕ್ಕಣೆಗೂ ಮೇಲೆ ಇಪ್ಪತ್ತು ಮೂವತ್ತು ಸಾಲುಗಳ ಒಂದು ಶಿರೋಭಾಗವಿರುತ್ತದೆ. ಅದರಲ್ಲಿ ‘ರಿಸೀವ್ಡ್’ ಎಂದು ಆರಂಭವಾಗುವ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋದರೆ, ಹಿಂದಿನ ಕಾಲದ ಲಕೋಟೆಯ ಮೇಲೆ ಊರೂರಿನ ಅಂಚೆಮೊಹರು ಬಿದ್ದಿರುತ್ತಿದ್ದಂತೆ, ಪತ್ರವು ಯಾವ ಸರ್ವರಿನಿಂದ ಹೊರಟು ಯಾವುದನ್ನು ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಹಾಯ್ದುಬಂದಿತೆಂಬುದು ಕ್ರಮವಾಗಿ ಕಾಣುತ್ತದೆ. ಪ್ರತಿ ಪತ್ರಕ್ಕೂ ಪ್ರತ್ಯೇಕವಾದ ಗುರುತುಸಂಖ್ಯೆಯೊಂದಿರುತ್ತದೆ. ಕಳುಹಿಸಿದ ಸಂಸ್ಥೆಯ ಸರ್ವರ್ ಹಾಕಿದ ಡಿಕಿಮ್ ಎಂಬ ಗೂಢಲಿಪಿಯ ಮುದ್ರೆಯೂ ಬಹುಮಟ್ಟಿಗೆ ಇರುತ್ತದೆ. ಒಕ್ಕಣೆಯಲ್ಲಿ ಒಂದು ಅಂಕೆ ಬದಲಾದರೂ ಆ ಮುದ್ರೆ ಹೊಂದುವುದಿಲ್ಲ. ಮೇಲನ್ನು ಪ್ರಿಂಟ್ ತೆಗೆದು ಫೈಲಿಗೆ ಸೇರಿಸುವವರು, ಪಿಡಿಎಫ್ ಮಾಡಿಟ್ಟುಕೊಳ್ಳುವವರು, ಮತ್ತೊಬ್ಬರಿಗೆ ಫಾರ್ವರ್ಡ್ ಮಾಡಿ ನಿಶ್ಚಿಂತರಾಗುವವರು ಈ ಶಿರೋಭಾಗವನ್ನೆಲ್ಲ ಕಳೆದುಕೊಂಡು, ಲಕೋಟೆಯನ್ನೂ ಸಹಿಯನ್ನೂ ಹರಿದೆಸೆದು ಒಕ್ಕಣೆಯ ನಕಲನ್ನು ಮಾತ್ರ ಉಳಿಸಿಕೊಂಡವರಾಗುತ್ತಾರೆ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ, ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಅದರೊಂದಿಗೆ ಪ್ರಮಾಣಪತ್ರವೊಂದು ಇರಬೇಕು. ಅದರ ಒಂದು ಭಾಗಕ್ಕೆ ದಾಖಲೆಯನ್ನು ಹಾಜರುಪಡಿಸುವವರೂ ಇನ್ನೊಂದು ಭಾಗಕ್ಕೆ ತಜ್ಞರೂ ಸಹಿ ಹಾಕತಕ್ಕದ್ದು. ಅದರಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನು ನಮೂದಿಸತಕ್ಕದ್ದು. ಹ್ಯಾಶ್ ಎಂದರೆ ಕಡತವೊಂದರ ಸಮಸ್ತ ಅಕ್ಷರಗಳಿಂದ ಗಣಿತದ ಕ್ರಮದಲ್ಲಿ ಹೊರಡುವ ಬೆರಳಚ್ಚಿನಂಥ ಸಂಖ್ಯೆ. ಒಂದು ಅಲ್ಪವಿರಾಮ ವ್ಯತ್ಯಾಸವಾದರೂ ಸಂಖ್ಯೆ ಸಂಪೂರ್ಣ ಬೇರೆಯಾಗುತ್ತದೆ. ಹಿಂದಿನ 1872ರ ಸಾಕ್ಷ್ಯ ಕಾಯಿದೆಯ 65ಬಿ ಪ್ರಕರಣದಲ್ಲಿಯೂ ಪ್ರಮಾಣಪತ್ರದ ವಿಧಿಯಿದ್ದು, ಅದು ಅನಿವಾರ್ಯವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ದೃಢಪಡಿಸಿತ್ತು. ಆದುದರಿಂದ ಪ್ರತಿ ಪತ್ರವು ಒಳಗೆ ಬಂದ ಕ್ಷಣದಲ್ಲಿಯೇ ಅದರ ಹ್ಯಾಶ್ ಲೆಕ್ಕ ಹಾಕಿ ಬರೆದಿಡುವ ವ್ಯವಸ್ಥೆಯನ್ನೇ ಆರಿಸಿಕೊಳ್ಳಬೇಕು. ಈ ಗುಣವಿಲ್ಲದ ವ್ಯವಸ್ಥೆ ಎಷ್ಟು ಅಗ್ಗವಾಗಿ ಸಿಕ್ಕರೂ ಕೊಳ್ಳುವುದು ತರವಲ್ಲ.

ಇನ್ನು ಪತ್ರವನ್ನು ಹಿಡಿಯುವ ಬಗೆ. ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ಮರ್ಮವಿರುವುದು ಇಲ್ಲಿ. ಕೆಲವು ತಂತ್ರಾಂಶಗಳು ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಪ್ರತಿಯೊಬ್ಬರ ಇನ್‌ಬಾಕ್ಸಿಗೆ ಹೋಗಿ ಅಲ್ಲಿರುವುದನ್ನು ನಕಲು ಮಾಡಿ ತರುತ್ತವೆ. ಆದರೆ ಅವು ಬರುವುದರೊಳಗೆ ಅಳಿಸಿಹೋದದ್ದು ಅವುಗಳ ಕಣ್ಣಿಗೆ ಬೀಳುವುದಿಲ್ಲ, ಮತ್ತು ಯಾವನಾದರೂ ಮುಚ್ಚಿಡಬೇಕೆಂದು ಬಯಸುವ ಪತ್ರ ಅಳಿಸಿಹೋಗುವುದು ಆ ಅವಧಿಯಲ್ಲಿಯೇ. ಎರಡನೆಯ ಕ್ರಮಕ್ಕೆ ಜರ್ನಲಿಂಗ್ ಎಂದು ಹೆಸರು. ನಮ್ಮ ಹಳೆಯ ಮಂಡಿಗಳ ಗುಮಾಸ್ತರು ವ್ಯವಹಾರ ನಡೆದ ಹಾಗೆಯೇ, ಸರಕು ಗೋಣಿಗೆ ಬೀಳುವ ಮುಂಚೆಯೇ, ರೋಜುಕೀರ್ದಿಯಲ್ಲಿ ಬರೆದುಬಿಡುತ್ತಿದ್ದರಷ್ಟೆ; ಹಾಗೆಯೇ ಮೇಲ್ ಸರ್ವರ್ ಪ್ರತಿ ಪತ್ರದ ಒಂದು ಪ್ರತಿಯನ್ನು, ಅದು ಯಾರ ಪೆಟ್ಟಿಗೆಗೂ ಮುಟ್ಟುವ ಮೊದಲೇ, ಪತ್ರಾಗಾರಕ್ಕೆ ರವಾನಿಸುತ್ತದೆ. ಬಿಸಿಸಿಯಲ್ಲಿ ಮರೆಯಾಗಿ ಸೇರಿಸಿದವರ ವಿಳಾಸವೂ, ಗುಂಪಿನ ವಿಳಾಸಕ್ಕೆ ಕಳುಹಿಸಿದಾಗ ಆ ಹೊತ್ತಿನಲ್ಲಿ ಗುಂಪಿನಲ್ಲಿದ್ದವರ ಹೆಸರುಗಳೂ ಈ ಕ್ರಮದಲ್ಲಿ ದಾಖಲಾಗುತ್ತವೆ. ಅದಕ್ಕಾಗಿಯೇ ನಾನು ಜರ್ನಲಿಂಗ್ ಪಕ್ಷದವನು.

ಕಚೇರಿಯ ಮೇಲ್ ಮೈಕ್ರೋಸಾಫ್ಟ್ 365ರಲ್ಲಿಯೋ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿಯೋ ಇರುವವರು ಆಯಾ ವ್ಯವಸ್ಥೆಯ ನಡೆಯನ್ನು ತಿಳಿದಿರಬೇಕು. ಮೈಕ್ರೋಸಾಫ್ಟ್‌ನಲ್ಲಿ ಬಳಕೆದಾರರು ಪೂರ್ತಿ ಅಳಿಸಿದ ಪತ್ರವನ್ನು ಸಾಮಾನ್ಯವಾಗಿ 14 ದಿನಗಳೊಳಗೆ, ಅವಧಿಯನ್ನು ಏರಿಸಿದ್ದರೆ 30 ದಿನಗಳೊಳಗೆ ಮರಳಿ ಪಡೆಯಬಹುದು. ಲೈಸೆನ್ಸ್ ತೆಗೆದ ಪೆಟ್ಟಿಗೆಯೂ 30 ದಿನ ಮಾತ್ರ ಉಳಿಯುತ್ತದೆ. ತೆಗೆಯುವ ಮುಂಚೆಯೇ ಧಾರಣೆಯ ನಿಯಮವನ್ನೋ ತಡೆಯನ್ನೋ ವಿಧಿಸಿದ್ದರೆ ಮಾತ್ರ ಅದು ನಿಷ್ಕ್ರಿಯ ಪೆಟ್ಟಿಗೆಯಾಗಿ ಮುಂದೆಯೂ ಉಳಿದುಕೊಳ್ಳುತ್ತದೆ. ಅಲ್ಲಿಯ ಜರ್ನಲಿಂಗ್ ಪ್ರತಿಗಳನ್ನು ಅದೇ ಎಕ್ಸ್‌ಚೇಂಜ್ ಆನ್‌ಲೈನ್‌ನ ಪೆಟ್ಟಿಗೆಗೆ ತರಿಸಿಕೊಳ್ಳಲು ಬರುವುದಿಲ್ಲ, ಹೊರಗಿನ ಪತ್ರಾಗಾರಕ್ಕೇ ಕಳುಹಿಸಬೇಕು. ಗೂಗಲ್‌ನಲ್ಲಿ ವಾಲ್ಟ್ ಎಂಬ ಸಾಧನವಿದೆ, ಒಳ್ಳೆಯ ಸಾಧನವೇ. ಆದರೆ ಅದು ಬೇರೆ ಪ್ರತಿಯನ್ನು ಮಾಡಿಡುವುದಿಲ್ಲ, ಇದ್ದಲ್ಲಿಯೇ ಇರುವುದನ್ನು ಅಳಿಯದಂತೆ ತಡೆಯುತ್ತದೆ. ಆದಕಾರಣ ಬಳಕೆದಾರರ ಖಾತೆಯನ್ನೇ ಅಳಿಸಿದರೆ, 20 ದಿನಗಳ ಪುನಃಸ್ಥಾಪನೆಯ ಅವಧಿ ಮುಗಿದ ಮೇಲೆ, ವಾಲ್ಟ್‌ನಲ್ಲಿ ಕಾಣುತ್ತಿದ್ದದ್ದೂ ಹೊರಟುಹೋಗುತ್ತದೆ. ಕೆಲಸ ಬಿಟ್ಟವರ ಖಾತೆಯನ್ನು ಅಳಿಸುವ ಬದಲು ಆರ್ಕೈವ್ ಮಾಡಿದ ಬಳಕೆದಾರ ಎಂಬ ಬೇರೆ ಲೈಸೆನ್ಸಿಗೆ ವರ್ಗಾಯಿಸಬೇಕು. ಪೀಣ್ಯದಲ್ಲಿ ನಾನು ಸಹಿ ಹಾಕುವ ಮುಂಚೆ ಇಂಥದೊಂದು ವಾಕ್ಯವನ್ನು ಯಾರಾದರೂ ನನಗೆ ಹೇಳಿದ್ದರೆ!

ಸ್ಥಳ ಎಷ್ಟು ಬೇಕಾದೀತೆಂಬ ಲೆಕ್ಕ ಕಷ್ಟವೇನಲ್ಲ. ನಲವತ್ತು ಜನರಿರುವ ಕಚೇರಿಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಬರುವ ಹೋಗುವ ಪತ್ರಗಳು ಅರವತ್ತು, ಪತ್ರವೊಂದರ ತೂಕ ಸರಾಸರಿ 150 ಕಿಲೋಬೈಟ್ ಎಂದು ಹಿಡಿದರೆ, ದಿನಕ್ಕೆ 360 ಮೆಗಾಬೈಟ್; ಮುನ್ನೂರು ಕೆಲಸದ ದಿನಗಳಿಗೆ 108 ಗಿಗಾಬೈಟ್; ಎಂಟು ವರ್ಷಕ್ಕೆ 864 ಗಿಗಾಬೈಟ್. ನಕ್ಷೆಗಳನ್ನೂ ಚಿತ್ರಗಳನ್ನೂ ಲಗತ್ತಿಸಿ ಕಳುಹಿಸುವ ಸಂಸ್ಥೆಗೆ ಇದು ಹಲವು ಪಟ್ಟು ಆಗಬಹುದು. ಒಂದೇ ಲಗತ್ತು ಹತ್ತು ಜನಕ್ಕೆ ಹೋದರೂ ಒಂದೇ ಪ್ರತಿಯನ್ನು ಇಟ್ಟುಕೊಳ್ಳುವ ಜಾಣತನ ವ್ಯವಸ್ಥೆಗಿದ್ದರೆ ಬಹಳಷ್ಟು ಇಳಿಯಲೂಬಹುದು. ತಮ್ಮ ಕಚೇರಿಯ ಒಂದು ತಿಂಗಳ ನಿಜವಾದ ಅಂಕಿಗಳನ್ನು ಸರ್ವರಿನಿಂದ ತೆಗೆಸಿ ಗುಣಿಸಿಕೊಳ್ಳದೆ ಯಾವ ದರಪಟ್ಟಿಯನ್ನೂ ಒಪ್ಪಬೇಡಿ.

ಪತ್ರಾಗಾರವನ್ನು ಸ್ವಂತ ಸರ್ವರಿನಲ್ಲಿ ಇಡುವುದೋ, ಬಾಡಿಗೆಯ ಕ್ಲೌಡ್‌ನಲ್ಲಿ ಇಡುವುದೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ತಿಳಿದ ಲಿನಕ್ಸ್ ತಂತ್ರಜ್ಞರೊಬ್ಬರು ಖಾಯಂ ಆಗಿ ಇರುವ ಕಚೇರಿಯಲ್ಲಿ ಪೈಲರ್‌ನಂಥ ಮುಕ್ತ ತಂತ್ರಾಂಶವನ್ನು ಹಾಕಿಕೊಂಡು ಅಲ್ಪವ್ಯಯದಲ್ಲಿ ಬಹಳ ಚೆನ್ನಾಗಿ ನಡೆಸಬಹುದು. ಅದು ಪ್ರತಿ ಪತ್ರವನ್ನೂ ಸಂಕುಚಿತಗೊಳಿಸಿ ಗೂಢಲಿಪಿಯಲ್ಲಿ ಇಡುತ್ತದೆ. ಇದಕ್ಕೆ ಬೇಕಾದ ಕೀಲಿಯು ಸರ್ವರಿನಲ್ಲಿ ಒಂದು ಚಿಕ್ಕ ಕಡತವಾಗಿ ಕುಳಿತಿರುತ್ತದೆ. ಆ ಕಡತ ಕಳೆದುಹೋದರೆ ಇಡೀ ಪತ್ರಾಗಾರ ಓದಲಾಗದ ರಾಶಿಯಾಗುತ್ತದೆ. ಆದ್ದರಿಂದ ಅದರ ಪ್ರತಿಯೊಂದನ್ನು ಲಕೋಟೆಯಲ್ಲಿ ಮೊಹರು ಮಾಡಿ ಯಜಮಾನರ ತಿಜೋರಿಯಲ್ಲಿಯೂ, ಇನ್ನೊಂದನ್ನು ಬ್ಯಾಂಕಿನ ಲಾಕರಿನಲ್ಲಿಯೂ ಇಡುವುದು ಲೇಸು. ಅಂಥ ತಜ್ಞರಿಲ್ಲದವರು, ಅವರು ಬಿಟ್ಟುಹೋದರೆ ಮುಂದೇನೆಂಬ ಚಿಂತೆಯಿರುವವರು, ಬಾಡಿಗೆಯ ವ್ಯವಸ್ಥೆಗೇ ಹೋಗುವುದು ಉತ್ತಮ. ಹೋಗುವವರು ದತ್ತಾಂಶವು ಭಾರತದೊಳಗಿನ, ಮುಂಬಯಿಯಲ್ಲಿಯೋ ಹೈದರಾಬಾದಿನಲ್ಲಿಯೋ ಇರುವ ಕೇಂದ್ರದಲ್ಲಿ ನೆಲೆಸುವುದೆಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು; ಏಕೆಂದರೆ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿದಿನದ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ಇಡಬೇಕೆಂದು ಕಂಪನಿಗಳ ಲೆಕ್ಕಪತ್ರ ನಿಯಮಗಳು 2022ರ ತಿದ್ದುಪಡಿಯಿಂದ ವಿಧಿಸಿವೆ, ಮತ್ತು ಲೆಕ್ಕಕ್ಕೆ ಆಧಾರವಾದ ಎಷ್ಟೋ ಕಾಗದಗಳು ಬರುವುದು ಇ-ಮೇಲ್ ಮೂಲಕವೇ.

ಅಳಿಸಲಾಗದಿರುವಿಕೆ ಪತ್ರಾಗಾರದ ಜೀವಗುಣ. ಇಂದು ನಾವು ಫೈಲ್ ಎಂಬ ಅರ್ಥದಲ್ಲಿ ಬಳಸುವ ‘ಕಡತ’ವೆಂಬುದು ಮೂಲದಲ್ಲಿ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಈಗಲೂ ಉಳಿದಿವೆ. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಅದು ಬಾಳಿದ್ದು ಇಟ್ಟುಕೊಂಡವರ ಶೀಲದ ಬಲದಿಂದ. ಕಂಪ್ಯೂಟರಿನ ದಾಖಲೆಯೂ ಸ್ವಭಾವತಃ ಬಳಪದ ಬರಹದಂಥದೇ. ಆದ್ದರಿಂದ ಒಮ್ಮೆ ಬರೆದದ್ದನ್ನು ಗೊತ್ತಾದ ಅವಧಿಯವರೆಗೆ ಯಾರೂ ತಿದ್ದಲಾಗದಂತೆ ಕಟ್ಟುಹಾಕುವ ಸಂಗ್ರಹವನ್ನೇ ಕೇಳಿ ಪಡೆಯಬೇಕು. ಅಮೆಜಾನ್‌ನ ಎಸ್3 ಸಂಗ್ರಹದಲ್ಲಿ 2018ರಿಂದ ಬಂದಿರುವ ಆಬ್ಜೆಕ್ಟ್ ಲಾಕ್ ಇದಕ್ಕೆ ನಿದರ್ಶನ; ಅದರ ಕಂಪ್ಲಯನ್ಸ್ ವಿಧಾನದಲ್ಲಿ ಇಟ್ಟದ್ದನ್ನು ಅವಧಿ ಮುಗಿಯುವ ತನಕ ಖಾತೆಯ ಪರಮಾಧಿಕಾರಿಯೂ ಅಳಿಸಲಾರನು. ಯಜಮಾನರಿಗೂ ಅಳಿಸಲು ಆಗಬಾರದೇ ಎಂದು ಕೇಳುವವರುಂಟು. ಆಗಬಾರದು, ಯಜಮಾನರಿಗೂ ಅಳಿಸಲಾಗದ ದಾಖಲೆಯೇ ಯಜಮಾನರ ಪರವಾಗಿ ನಂಬಿಕೆಯಿಂದ ಸಾಕ್ಷಿ ಹೇಳಬಲ್ಲದು.

ಕನ್ನಡದಲ್ಲಿ ವ್ಯವಹರಿಸುವವರಿಗೆ ವಿಶೇಷವಾದ ಒಂದು ತೊಡಕಿದೆ. ಮಾರಾಟಗಾರರು ಅದನ್ನು ತಾವಾಗಿ ಹೇಳುವುದಿಲ್ಲ. ಯೂನಿಕೋಡ್ ಬಳಕೆಗೆ ಮುಂಚಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಲಗತ್ತುಗಳು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿರುತ್ತವೆ. ‘ಬಾಕಿ’ ಎಂದು ಹುಡುಕಿದರೆ ಅವು ಸಿಗಲಾರವು. ಯೂನಿಕೋಡ್‌ನಲ್ಲಿಯೂ ‘ಬ್ಯಾಂಕ್‌ಗೆ’ ಎಂಬ ಪದವನ್ನು ಕೆಲವರು ಕಾಣದ ಬೇರ್ಪಡಿಸುವ ಸಂಜ್ಞೆಯೊಂದನ್ನು ನಡುವೆ ಇಟ್ಟು ಬರೆಯುತ್ತಾರೆ, ಕೆಲವರು ಬಿಟ್ಟು ಬರೆಯುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದನ್ನು ಕಾಣದ ತಂತ್ರಾಂಶಗಳಿವೆ. ಸ್ಕ್ಯಾನ್ ಮಾಡಿ ಕಳುಹಿಸಿದ ಗ್ರಾಮ ಪಂಚಾಯತಿಯ ಪತ್ರ ಬರಿಯ ಚಿತ್ರವೇ ಆಗಿರುತ್ತದೆ. ಕೊಳ್ಳುವ ಮೊದಲು ತಮ್ಮದೇ ಕಚೇರಿಯ ಇಂಥ ಇಪ್ಪತ್ತು ಪತ್ರಗಳನ್ನು ಕೊಟ್ಟು, ಎದುರಿಗೆ ಕೂತು, ಹುಡುಕಿಸಿ ನೋಡಬೇಕು.

ಎಷ್ಟು ಕಾಲ ಇಡುವುದು? ಕಂಪನಿ ಕಾಯಿದೆ 2013ರ 128ನೆಯ ಪ್ರಕರಣವು ಲೆಕ್ಕಪುಸ್ತಕಗಳನ್ನೂ ಅವಕ್ಕೆ ಸಂಬಂಧಿಸಿದ ವೋಚರುಗಳನ್ನೂ ಎಂಟು ಹಣಕಾಸು ವರ್ಷ ಕಾಪಿಡಬೇಕೆನ್ನುತ್ತದೆ. ಜಿಎಸ್‌ಟಿ ಕಾಯಿದೆಯ 36ನೆಯ ಪ್ರಕರಣವು ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು ಎನ್ನುತ್ತದೆ, ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಹೀಗಿರಲು, ಖರೀದಿ, ಮಾರಾಟ, ಲೆಕ್ಕ ವಿಭಾಗಗಳ ಪತ್ರಗಳಿಗೆ ಎಂಟು ವರ್ಷ ತುಂಬಿ ಸ್ವಲ್ಪ ಮೀರುವಂತೆ ಅವಧಿ ಗೊತ್ತುಮಾಡುವುದು ಯುಕ್ತ. ಎಲ್ಲವನ್ನೂ ಎಂದೆಂದಿಗೂ ಇಟ್ಟುಕೊಂಡುಬಿಡೋಣವೆಂಬ ಉತ್ಸಾಹವೂ ಸಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಕಾನೂನಿನ ಅಗತ್ಯವಿಲ್ಲದ ಪಕ್ಷದಲ್ಲಿ, ಉದ್ದೇಶ ತೀರಿದ ವೈಯಕ್ತಿಕ ವಿವರಗಳನ್ನು ಅಳಿಸಬೇಕೆಂಬ ತತ್ತ್ವವನ್ನು ಹೊಂದಿದೆ. ಕೆಲಸ ಕೇಳಿಕೊಂಡು ಬಂದ ಹುಡುಗ ಹುಡುಗಿಯರ ಪರಿಚಯಪತ್ರಗಳು, ಅವರ ಜನ್ಮದಿನಾಂಕ, ವಿಳಾಸ, ಆಧಾರ್ ಪ್ರತಿ, ಇವೆಲ್ಲ ಹತ್ತು ವರ್ಷ ನಮ್ಮಲ್ಲಿ ಬಿದ್ದಿರಬೇಕಾದ ಕಾರಣವೇನು? ಸಿಬ್ಬಂದಿ ವಿಭಾಗದ ವಿಳಾಸಕ್ಕೆ ಬೇರೆ ಅವಧಿಯನ್ನು ಗೊತ್ತುಮಾಡಿ, ತೀರಿದೊಡನೆ ತಾನಾಗಿ ಅಳಿಯುವಂತೆ ಏರ್ಪಡಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ತಿದ್ದಲಾಗದಂತೆ ಕಟ್ಟುಹಾಕುವ ಸಂಗ್ರಹದಲ್ಲಿ ಅವಧಿಯನ್ನು ತಪ್ಪಿ ಉದ್ದವಾಗಿ ವಿಧಿಸಿದರೆ ಅದನ್ನು ಮತ್ತೆ ಮೊಟಕುಗೊಳಿಸಲು ಬಾರದು. ಆದ್ದರಿಂದ ಅವಧಿಗಳನ್ನು ಮೊದಲು ಕಾಗದದ ಮೇಲೆ ಬರೆದು, ಆಡಿಟರಿಗೂ ವಕೀಲರಿಗೂ ತೋರಿಸಿ, ಆಮೇಲೆಯೇ ಯಂತ್ರಕ್ಕೆ ಹೇಳಬೇಕು. ವ್ಯಾಜ್ಯದ ಸುಳಿವು ಸಿಕ್ಕಿದ ದಿನವೇ ಸಂಬಂಧಪಟ್ಟ ಪತ್ರಗಳ ಅಳಿಕೆಯನ್ನು ತಡೆಹಿಡಿಯುವ ಅಧಿಕಾರ ಯಾರದೆಂಬುದೂ ಅದೇ ಕಾಗದದಲ್ಲಿರಲಿ.

ವಾಟ್ಸ್ಯಾಪ್‌ನಲ್ಲಿ ನಡೆಯುವ ವ್ಯವಹಾರ ಈ ಪತ್ರಾಗಾರದ ಹೊರಗೇ ಉಳಿಯುತ್ತದೆ. ನೌಕರರು ಕಚೇರಿಯ ವಿಷಯಗಳನ್ನು ಸ್ವಂತ ಫೋನುಗಳ ಮೂಲಕ ಬರೆದುಕೊಂಡು ದಾಖಲೆಯಿಡದೆ ಹೋದುದಕ್ಕಾಗಿ ಜೆಪಿ ಮಾರ್ಗನ್‌ನ ಷೇರು ಸಂಸ್ಥೆಯು 2021ರ ಡಿಸೆಂಬರಿನಲ್ಲಿ ಅಮೆರಿಕದ ಷೇರು ನಿಯಂತ್ರಕರಿಗೆ 12.5 ಕೋಟಿ ಡಾಲರ್ ದಂಡ ತೆತ್ತಿತು. ದರ, ಪ್ರಮಾಣ, ಗಡುವು, ಒಪ್ಪಿಗೆ, ಈ ನಾಲ್ಕು ವಿಷಯಗಳು ಫೋನಿನಲ್ಲಿ ಎಷ್ಟೇ ಮಾತಾಗಿದ್ದರೂ ಅದೇ ದಿನ ಇ-ಮೇಲ್‌ನಲ್ಲಿ ಬರಬೇಕೆಂಬ ಕಟ್ಟಳೆಯೊಂದನ್ನು ಮಾಡಿಬಿಟ್ಟರೆ ಸಣ್ಣ ಸಂಸ್ಥೆಗಳಿಗೆ ಬಹುಪಾಲು ಸಾಕು.

ವ್ಯವಸ್ಥೆಯನ್ನು ನೆಲೆಗೊಳಿಸುವಾಗ ಅವಸರ ಬೇಡ. ಮೊದಲು ಲೆಕ್ಕ ವಿಭಾಗವೊಂದರ ಮೇಲ್ ಮಾತ್ರ ಒಂದು ತಿಂಗಳು ಪತ್ರಾಗಾರಕ್ಕೆ ಹರಿಯಲಿ. ಪ್ರತಿದಿನ ಸರ್ವರಿನಲ್ಲಿ ಹಾದುಹೋದ ಪತ್ರಗಳ ಸಂಖ್ಯೆಯನ್ನೂ ಪತ್ರಾಗಾರದಲ್ಲಿ ದಾಖಲಾದ ಸಂಖ್ಯೆಯನ್ನೂ ಎದುರುಬದುರು ಬರೆದು ತಾಳೆನೋಡಬೇಕು; ಒಂದು ಪತ್ರ ಕಡಿಮೆಯಾದರೂ ಕಾರಣ ತಿಳಿಯುವವರೆಗೆ ಮುಂದಕ್ಕೆ ಹೋಗಬಾರದು. ಪತ್ರಾಗಾರಕ್ಕೆ ತಲುಪದೆ ಹಿಂದಿರುಗುವ ಪ್ರತಿಗಳು ಬಂದು ಬೀಳಲು ಬೇರೊಂದು ಪೆಟ್ಟಿಗೆಯನ್ನು ಗೊತ್ತುಮಾಡಿ, ಅದನ್ನು ದಿನವೂ ತೆರೆದು ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯಬೇಕು. ಯಾರೂ ನೋಡದ ಆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಪತ್ರಗಳು ಕೂಡಿಬಿದ್ದದ್ದನ್ನು ನಾನು ಬಲ್ಲೆ.

ಹಳೆಯ ಪತ್ರಗಳನ್ನು ಒಳಗೆ ತರುವುದೇ ನಿಜವಾದ ಶ್ರಮ. ಔಟ್‌ಲುಕ್ ಬಳಸಿದ ಕಚೇರಿಗಳಲ್ಲಿ ಪಿಎಸ್‌ಟಿ ಎಂಬ ಕಡತಗಳು ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲಿ, ಡ್ರಾಯರಿನಲ್ಲಿ ಬಿದ್ದ ಪೆನ್ ಡ್ರೈವಿನಲ್ಲಿ, ಮೂಲೆಗೆ ಸೇರಿದ ಹಳೆಯ ಕಂಪ್ಯೂಟರಿನಲ್ಲಿ ಚದುರಿಕೊಂಡಿರುತ್ತವೆ. ಅವನ್ನು ಒಂದೊಂದಾಗಿ ಹುಡುಕಿ, ಯಾರದು ಎಲ್ಲಿ ಸಿಕ್ಕಿತೆಂದು ಪಟ್ಟಿಮಾಡಿ, ತೆರೆಯುವ ಮುಂಚೆಯೇ ಹ್ಯಾಶ್ ತೆಗೆದಿಟ್ಟು, ನಕಲಿನಿಂದ ಮಾತ್ರ ಪತ್ರಾಗಾರಕ್ಕೆ ಸೇರಿಸಿ, ಮೂಲವನ್ನು ಬೀಗದಲ್ಲಿ ಇಡಬೇಕು. ಇದಕ್ಕೆ ಎರಡು ತಿಂಗಳು ಹಿಡಿದರೂ ಹಿಡಿಯಲಿ.

ನೌಕರರಿಗೆ ಇದನ್ನೆಲ್ಲ ಮುಚ್ಚಿಟ್ಟು ಮಾಡುವುದು ಅನ್ಯಾಯ. ಕಚೇರಿಯ ವಿಳಾಸಕ್ಕೆ ಬರುವ ಹೋಗುವ ಪತ್ರಗಳೆಲ್ಲ ದಾಖಲಾಗುತ್ತವೆಂದು ಬರೆದು ತಿಳಿಸಿ, ಸಹಿ ಪಡೆಯಬೇಕು. ಮಗಳ ಮದುವೆಯ ಮಾತು, ವೈದ್ಯರ ವರದಿ ಮುಂತಾದ ಸ್ವಂತ ವಿಷಯಗಳಿಗೆ ಸ್ವಂತ ವಿಳಾಸವನ್ನೇ ಬಳಸುವಂತೆ ಹೇಳಬೇಕು. ಪತ್ರಾಗಾರವನ್ನು ತೆರೆದು ಹುಡುಕುವವರು ಒಬ್ಬರು, ಹುಡುಕಲು ಅನುಮತಿ ಕೊಡುವವರು ಇನ್ನೊಬ್ಬರು ಆಗಿರಬೇಕು. ಯಾರು, ಯಾವಾಗ, ಯಾವ ಪದವನ್ನು ಹುಡುಕಿದರೆಂಬುದು ಕೂಡ ಅಳಿಯದಂತೆ ದಾಖಲಾಗಬೇಕು. ಈ ಎರಡು ಕೈಗಳ ವ್ಯವಸ್ಥೆಯಿಲ್ಲದ ಪತ್ರಾಗಾರವು ಕೆಲಸಗಾರರ ಮೇಲೆ ಕಣ್ಣಿಡುವ ಕಿಂಡಿಯಾಗಿ ಪರಿಣಮಿಸುವ ಅಪಾಯವುಂಟು. ಹಾಗಾಗುವುದಾದರೆ ಅದು ಇಲ್ಲದಿರುವುದೇ ಮೇಲು.

ಕರಾರಿಗೆ ಸಹಿ ಹಾಕುವ ಮುನ್ನ ಹೊರಗೆ ಬರುವ ದಾರಿಯನ್ನು ಕೇಳಬೇಕು. ಐದು ವರ್ಷದ ಬಳಿಕ ಬೇರೆಯವರಲ್ಲಿಗೆ ಹೋಗಬೇಕಾದರೆ ನಮ್ಮ ಪತ್ರಗಳೆಲ್ಲ ಇಎಂಎಲ್ ಅಥವಾ ಎಂಬಾಕ್ಸ್‌ನಂಥ, ಯಾವ ತಂತ್ರಾಂಶವೂ ಓದಬಲ್ಲ ರೂಪದಲ್ಲಿ, ಶಿರೋಭಾಗ ಸಮೇತ ಮರಳಿ ಬರುವುವೇ? ಎಷ್ಟು ದಿನದಲ್ಲಿ? ಅದಕ್ಕೆ ಶುಲ್ಕವೆಷ್ಟು? ಈ ಮೂರಕ್ಕೂ ಲಿಖಿತ ಉತ್ತರ ಬಾರದಿದ್ದರೆ ಆ ವ್ಯವಹಾರವನ್ನು ಅಲ್ಲಿಗೇ ಬಿಡುವುದು ಕ್ಷೇಮ. ಪ್ರಾಯೋಗಿಕ ಅವಧಿಯಲ್ಲಿಯೇ ಒಂದು ವಾರದ ಪತ್ರಗಳನ್ನು ಹೊರತೆಗೆಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು, ಹ್ಯಾಶ್ ಹೊಂದುವುದೇ ಎಂದು ನೋಡಿಬಿಡಿ.

ಇದನ್ನು ಓದಿದ ಮಹನೀಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ದರಪಟ್ಟಿಗಳನ್ನು ತರಿಸುವ ಮೊದಲು, ನಾಳೆ ಕಚೇರಿಗೆ ಹೋದವರು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಒಬ್ಬರ ಹೆಸರನ್ನು ನೆನೆದು, ಅವರಿಗೆ ಬಂದಿದ್ದ ಒಂದು ಪತ್ರವನ್ನು ಮೂಲರೂಪದಲ್ಲಿ ತೆಗೆದುಕೊಡುವಂತೆ ಕಂಪ್ಯೂಟರ್ ವಿಭಾಗದವರನ್ನು ಕೇಳಿ. ಅದು ತಮ್ಮ ಕೈಸೇರಲು ಎಷ್ಟು ಹೊತ್ತು ಹಿಡಿಯಿತು, ಅಥವಾ ಸಿಗಲೇ ಇಲ್ಲವೇ ಎಂಬುದನ್ನು ಒಂದು ಕಾಗದದಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.